ನೇಪಲ್ಸ್‌ನಲ್ಲಿ ಐದು ದಿನ: ಮಂಗಳವಾರ ಮತ್ತು ಮಂಡಿನೋವು

ಪ್ರಶ್ನೆ: ಅಕ್ಟೋಬರ್‌ನಲ್ಲಿ ದಸರಾ ರಜೆಗೆ ನಾವು ಐವರು ಇಟಲಿಯ ನೇಪಲ್ಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಎಪ್ಪತ್ತರ ಆಸುಪಾಸಿನ ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು, ಹಿರಿಯರಿಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಭಾನುವಾರ ಮಧ್ಯಾಹ್ನ ಇಳಿದು ಶುಕ್ರವಾರ ಬೆಳಿಗ್ಗೆ ಮರಳುತ್ತೇವೆ. ಸೋಮವಾರ ಪಾಂಪೆ ಮತ್ತು ವೆಸೂವಿಯಸ್, ಮಂಗಳವಾರ ಪುರಾತತ್ವ ಮ್ಯೂಸಿಯಂ ಮತ್ತು ಮುಸುಕು ಹೊದ್ದ ಕ್ರಿಸ್ತನ ಶಿಲ್ಪ, ಬುಧವಾರ ಕಾಪ್ರಿ ದ್ವೀಪ, ಗುರುವಾರ ಅಮಾಲ್ಫಿ ಕರಾವಳಿ ಎಂದು ಹಾಕಿಕೊಂಡಿದ್ದೇವೆ. ಇದು ಸಾಧ್ಯವೇ? ಏನು ತಿನ್ನಬಹುದು, ಎಲ್ಲಿ ಉಳಿಯಬೇಕು?
(ಓದುಗರು, ಶಿವಮೊಗ್ಗ)

ಉತ್ತರ: ಸಾಧ್ಯವಿಲ್ಲ. ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಂಗಳವಾರ. ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜೆ. ಮುಸುಕಿನ ಕ್ರಿಸ್ತನಿರುವ ಸಾನ್ಸೆವೆರೊ ಪ್ರಾರ್ಥನಾಮಂದಿರಕ್ಕೂ ಮಂಗಳವಾರವೇ ರಜೆ. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಮೊದಲ ಸಲ ತಂಡ ಕಟ್ಟಿಕೊಂಡು ಹೋದಾಗ ನಾನೂ ಹದಿನಾಲ್ಕು ಜನರನ್ನು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮ್ಯೂಸಿಯಂನ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದ್ದೆ. ತಂಡದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಪ್ರವಾಸ ಮುಗಿಯುವ ತನಕ ದಿನವೂ ಬೆಳಿಗ್ಗೆ "ಇವತ್ತು ವಾರ ಯಾವುದು?" ಎಂದು ನನ್ನನ್ನೇ ಕೇಳುತ್ತಿದ್ದರು. ಈ ಊರಿನಲ್ಲಿ ವಾರದ ರಜೆ ಎಲ್ಲದಕ್ಕೂ ಒಂದೇ ದಿನ ಅಲ್ಲ. ಅರಮನೆ, ಬೆಟ್ಟದ ಮೇಲಿನ ಸಾನ್ ಮಾರ್ಟಿನೊ ಮಠ, ಕಾಪೊಡಿಮೊಂಟೆ ಚಿತ್ರಶಾಲೆಗಳಿಗೆ ಬುಧವಾರ ರಜೆ. ಚರ್ಚುಗಳು ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿದರೆ ತೆರೆಯುವುದು ನಾಲ್ಕರ ಮೇಲೆ. ಮೊದಲು ಕ್ಯಾಲೆಂಡರ್ ಹರಡಿ, ಆಮೇಲೆ ನಕ್ಷೆ ಹರಡಿ.

ಎರಡನೆಯ ಅಡ್ಡಿ ಅಮ್ಮನ ಮಂಡಿ. ಕಾಪ್ರಿ, ಅಮಾಲ್ಫಿ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಬಂದರಿನಿಂದ ವೇಗದ ದೋಣಿಯಲ್ಲಿ ಕಾಪ್ರಿಗೆ ಐವತ್ತು ನಿಮಿಷ, ನಿಜ. ಆದರೆ ದೋಣಿಯ ಸಾಲು, ಮೇಲೂರಿಗೆ ಹತ್ತುವ ಕೇಬಲ್ ರೈಲಿನ ಸಾಲು, ಕೆಳಗಿಳಿಯುವಾಗ ಮತ್ತೆ ಅದೇ ಸಾಲು. ಹೆಸರಾಂತ ನೀಲಿ ಗುಹೆಯೊಳಗೆ ಹೋಗಬೇಕಾದರೆ ಪುಟ್ಟ ಹುಟ್ಟುದೋಣಿಯಲ್ಲಿ ಬೆನ್ನು ಚಾಚಿ ಮಲಗಬೇಕು. ಸಮುದ್ರ ತುಸು ಕೆರಳಿದರೂ ಗುಹೆ ಬಂದ್. ಅಮಾಲ್ಫಿಯದು ಇನ್ನೊಂದು ಕಥೆ. ಬಂಡೆಯ ಅಂಚಿನಲ್ಲಿ ಕೊರೆದ ಕಿರಿದಾದ ರಸ್ತೆ, ಆಗುಂಬೆ ಘಾಟಿಯಂತಹ ತಿರುವುಗಳು, ನಿಂತೇ ಹೋಗಬೇಕಾಗಬಹುದಾದ ಬಸ್ಸು. ಒಂದು ದಿನದಲ್ಲಿ ಹೋಗಿ ಬಂದರೆ ಅದು ಮುಟ್ಟಿ ಬಂದ ಶಾಸ್ತ್ರ ಅಷ್ಟೇ. ಅಮಾಲ್ಫಿ ನೋಡುವ ಆಸೆ ಇದ್ದವರು ಅಲ್ಲೇ ಎರಡು ರಾತ್ರಿ ಉಳಿಯಬೇಕು. ನಿಮಗೆ ಆ ರಾತ್ರಿಗಳಿಲ್ಲ.

ಹಾಗಾದರೆ ಏನು ಮಾಡುವುದು? ಭಾನುವಾರ ಇಳಿದ ಮೇಲೆ ಸ್ನಾನ, ನಿದ್ರೆ, ಸಂಜೆ ಹತ್ತಿರದಲ್ಲೇ ಒಂದು ಪಿಜ್ಜಾ. ಸೋಮವಾರ ಮ್ಯೂಸಿಯಂ, ಮಧ್ಯಾಹ್ನದ ಮೇಲೆ ಸಾನ್ಸೆವೆರೊ. ಮಂಗಳವಾರ ಪಾಂಪೆ, ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ನರ ಊರು. ಬುಧವಾರ ಊರೊಳಗೆ ಅಡ್ಡಾಟ. ಗುರುವಾರ ಅದೇ ಜ್ವಾಲಾಮುಖಿಯಲ್ಲಿ ಹೂತ ಇನ್ನೊಂದು ಊರು ಹರ್ಕ್ಯುಲೇನಿಯಂ, ಕಾಲಲ್ಲಿ ಕಸುವಿದ್ದವರಿಗೆ ವೆಸೂವಿಯಸ್.

ಮ್ಯೂಸಿಯಂ ಮೊದಲು, ಪಾಂಪೆ ಆಮೇಲೆ ಎಂದದ್ದಕ್ಕೆ ಕಾರಣವಿದೆ. ಪಾಂಪೆಯ ಉತ್ಖನನ ಶುರುವಾದದ್ದು 1748ರಲ್ಲಿ, ನೇಪಲ್ಸ್‌ನ ಬೂರ್ಬನ್ ದೊರೆಗಳ ಕಾಲದಲ್ಲಿ. ಅಂದಿನ ಪದ್ಧತಿಯಂತೆ ಚೆನ್ನಾಗಿದ್ದ ಚಿತ್ರಗಳನ್ನು ಗೋಡೆಯಿಂದಲೇ ಕೊಯ್ದು ತಂದುಬಿಟ್ಟರು. ಪಾಂಪೆಯ ಎಷ್ಟೋ ಮನೆಗಳಲ್ಲಿ ಇಂದು ಉಳಿದಿರುವುದು ಬೋಳು ಗೋಡೆ. ಅವುಗಳ ಬಣ್ಣ, ಪಾತ್ರೆಪಡಗ, ದೀಪ, ತೂಕದ ಕಲ್ಲು ಎಲ್ಲವೂ ಈ ಮ್ಯೂಸಿಯಂನಲ್ಲಿವೆ. ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು ಮರುದಿನ ಪಾಂಪೆಗೆ ಹೋದರೆ ಬೋಳು ಗೋಡೆಯೂ ಮಾತಾಡುತ್ತದೆ. ತಿರುಗುಮುರುಗಾಗಿ ಹೋದವರು "ಬರೀ ಹಾಳು ಗೋಡೆ" ಎಂದು ಗೊಣಗುತ್ತಾ ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮಗಳಿಗೆ ಅಲ್ಲಿ ಎರಡು ವಸ್ತು ತಪ್ಪದೆ ತೋರಿಸಿ. ಒಂದು, ಸುಟ್ಟು ಇದ್ದಿಲಾದ ಬ್ರೆಡ್ಡು: ಗುಂಡಗಿನದು, ಎಂಟು ಹೋಳಾಗುವಂತೆ ಗೆರೆ ಎಳೆದದ್ದು, ಸುಮಾರು ಎರಡು ಸಾವಿರ ವರ್ಷದ ಹಿಂದೆ ಬೆಂದದ್ದು. ಇನ್ನೊಂದು, ನೆಲ ಅಂತಸ್ತಿನಲ್ಲಿ ಗದೆಗೆ ಒರಗಿ ದಣಿದು ನಿಂತ ದೈತ್ಯ ಹರ್ಕ್ಯುಲಿಸ್. ಎಲ್ಲರೂ ಮುಂದೆ ನಿಂತು ಫೋಟೊ ತೆಗೆದು ಹೋಗುತ್ತಾರೆ. ಮಗಳನ್ನು ಹಿಂದಕ್ಕೆ ಕರೆದೊಯ್ಯಿರಿ. ಅವನು ಬೆನ್ನ ಹಿಂದೆ ಬಲಗೈಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿದ್ದಾನೆ. ಸೇಬು! ದೇವತೆಗಳ ತೋಟದಿಂದ ತಂದ ಚಿನ್ನದ ಸೇಬು.

ನಿಮಗೂ ನಿಮ್ಮ ಹೆಂಡತಿಗೂ ಅಲ್ಲೊಂದು ಸ್ವಲ್ಪ ಮುಜುಗರದ ಕೆಲಸವಿದೆ. 1938ರಲ್ಲಿ ಪಾಂಪೆಯ ಮನೆಯೊಂದರಲ್ಲಿ ದಂತದ ಹೆಣ್ಣುಗೊಂಬೆಯೊಂದು ಸಿಕ್ಕಿತು. ಗೇಣೆತ್ತರದ್ದು, ಕೊರಳು, ಕೈಕಾಲು, ಸೊಂಟದ ತುಂಬ ಆಭರಣ, ಅಕ್ಕಪಕ್ಕ ಇಬ್ಬರು ಪುಟ್ಟ ಸೇವಕಿಯರು. ಭಾರತದ್ದು. ಲಕ್ಷ್ಮಿ ಎಂದು ಹೆಸರಾಯಿತು. ಯಕ್ಷಿ ಎನ್ನುವವರೇ ಈಗ ಹೆಚ್ಚು. ಇಂಥದೇ ಗೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಅಂದರೆ ದಖ್ಖನಿನ ಸಾತವಾಹನರ ನಾಡಿನಿಂದ ಹಡಗು ಹತ್ತಿದವಳಿರಬೇಕು. ತೊಡಕೇನೆಂದರೆ, ಅವಳನ್ನು ಸಾಮಾನ್ಯವಾಗಿ ಇಡುವುದು "ಗುಪ್ತ ಕೋಣೆ" ಎಂಬ ವಿಭಾಗದಲ್ಲಿ. ಪಾಂಪೆಯ ಶೃಂಗಾರ ಚಿತ್ರಗಳನ್ನೆಲ್ಲ ಒಟ್ಟುಹಾಕಿ ಒಂದು ಕಾಲದಲ್ಲಿ ಬೀಗ ಜಡಿದಿದ್ದ ಕೋಣೆ ಅದು. ಹದಿನಾಲ್ಕರೊಳಗಿನ ಮಕ್ಕಳನ್ನು ದೊಡ್ಡವರ ಜೊತೆಗಲ್ಲದೆ ಒಳಗೆ ಬಿಡುವುದಿಲ್ಲ. ಅಪ್ಪನ ಪಕ್ಕ ನಿಂತು ಆ ಗೋಡೆಗಳನ್ನು ನೋಡುವ ಎದೆಗಾರಿಕೆ ನನಗಂತೂ ಇಲ್ಲ. ಮಗಳನ್ನು ಅಜ್ಜ ಅಜ್ಜಿಯ ಜೊತೆ ಮೊಸಾಯಿಕ್ ಮೀನುಗಳ ಮುಂದೆ ಕೂರಿಸಿ, ನೀವಿಬ್ಬರು ಹತ್ತು ನಿಮಿಷದಲ್ಲಿ ನೋಡಿಕೊಂಡು ಬನ್ನಿ.

ಸಾನ್ಸೆವೆರೊಗೆ ಅರ್ಧ ಗಂಟೆ ಸಾಕು, ಆದರೆ ಟಿಕೆಟ್ಟನ್ನು ವಾರಗಳ ಮುಂಚೆಯೇ ಸಮಯ ನಮೂದಿಸಿ ಕಾದಿರಿಸಬೇಕು. ಮುಸುಕಿನ ಕ್ರಿಸ್ತನನ್ನು 1753ರಲ್ಲಿ ಜುಸೆಪ್ಪೆ ಸಾನ್ಮಾರ್ಟಿನೊ ಒಂದೇ ಅಮೃತಶಿಲೆಯಲ್ಲಿ ಕೆತ್ತಿದ್ದು. ಮೂಗಿನ ಹೊಳ್ಳೆ, ಹಣೆಯ ನರ, ಮಂಡಿಚಿಪ್ಪು ಎಲ್ಲವೂ ಕಲ್ಲಿನ ಮುಸುಕಿನೊಳಗಿಂದ ಕಾಣುತ್ತವೆ. ಇದು ಕೆತ್ತಿದ್ದಲ್ಲ, ಶಿಲ್ಪ ಮಾಡಿಸಿದ ರಾಜಕುಮಾರ ರಸವಿದ್ಯೆಯಿಂದ ನಿಜವಾದ ಬಟ್ಟೆಯನ್ನೇ ಕಲ್ಲಾಗಿಸಿದ ಎಂದು ಊರಿನವರು ಬಹುಕಾಲ ನಂಬಿದ್ದರು. ಹಳೇಬೀಡಿನ ಸೂಕ್ಷ್ಮ ಕೆತ್ತನೆ ನೋಡಿ ಬೆಳೆದವರಿಗೆ ಆ ನಂಬಿಕೆ ವಿಚಿತ್ರ ಎನಿಸದು. ಒಳಗೆ ಫೋಟೊ ತೆಗೆಯುವಂತಿಲ್ಲ.

ಇನ್ನು ಪಾಂಪೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ಟಿನ ಮೇಲೆ ನಿಮ್ಮ ಹೆಸರಿರುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ. ಹದಿನೆಂಟರೊಳಗಿನವರಿಗೆ ಉಚಿತ, ಆದರೆ ಮಗಳ ಹೆಸರಿನಲ್ಲೂ ಟಿಕೆಟ್ ತೆಗೆಯಬೇಕು. ದೊಡ್ಡ ಬೆನ್ನುಚೀಲ ಒಳಗೆ ಬಿಡುವುದಿಲ್ಲ. ರೈಲಿಗೆ ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದ ಕೆಳ ಅಂತಸ್ತಿಗೆ ಹೋಗಿ, ಸೊರೆಂಟೊ ಎಂದು ಬೋರ್ಡಿರುವ ಗಾಡಿ ಹತ್ತಿ, ಸುಮಾರು ನಲವತ್ತು ನಿಮಿಷದ ಮೇಲೆ "ಪಾಂಪೆ ಸ್ಕಾವಿ" ಎಂಬಲ್ಲಿ ಇಳಿಯಿರಿ. ಪಾಂಪೆ ಹೆಸರಿನ ನಿಲ್ದಾಣ ಒಂದಕ್ಕಿಂತ ಹೆಚ್ಚಿವೆ. "ಸ್ಕಾವಿ" ಎಂದರೆ ಉತ್ಖನನ, ಆ ಪದವನ್ನೇ ಹುಡುಕಿ. ಈ ಲೋಕಲ್ ಗಾಡಿಯಲ್ಲಿ ನಮ್ಮ ಸಿಟಿ ಬಸ್ಸಿನಷ್ಟೇ ನೂಕುನುಗ್ಗಲು, ಜೇಬುಗಳ್ಳರ ಕಾಟವೂ ಇದೆ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ. ಅದೇ ಹಳಿಯ ಮೇಲೆ ಪ್ರವಾಸಿಗರಿಗೆಂದೇ ಸೀಟು ಕಾದಿರಿಸಬಹುದಾದ "ಕಂಪಾನಿಯಾ ಎಕ್ಸ್‌ಪ್ರೆಸ್" ಓಡುತ್ತದೆ. ದುಬಾರಿ, ಆದರೆ ಹಿರಿಯರಿಗಾಗಿ ಅದನ್ನೇ ಆರಿಸಿ.

ಪಾಂಪೆ ಎಷ್ಟು ದೊಡ್ಡದು ಎಂಬ ಅಂದಾಜು ಹೆಚ್ಚಿನವರಿಗೆ ಇರುವುದಿಲ್ಲ. 66 ಹೆಕ್ಟೇರ್; ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಅಗೆದಿದ್ದಾರೆ. ರಸ್ತೆಗೆಲ್ಲ ಉಬ್ಬುತಗ್ಗಿನ ಲಾವಾ ಚಪ್ಪಡಿ. ಅಮ್ಮ ಬರುವುದಾದರೆ ಆಂಫಿಥಿಯೇಟರ್ ಕಡೆಯ ಬಾಗಿಲಿನಿಂದ ಒಳಗೆ ಹೋಗಿ. ಗಾಲಿಕುರ್ಚಿಯವರಿಗೆಂದು ಮೆಟ್ಟಿಲು ತಪ್ಪಿಸಿ ಮಾಡಿದ ಮೂರು ಕಿಲೋಮೀಟರ್ ಮೀರಿದ ದಾರಿ ಅಲ್ಲಿಂದ ಶುರುವಾಗುತ್ತದೆ. ನನ್ನನ್ನು ಕೇಳಿದರೆ ಅಮ್ಮನಿಗೆ ಅಂದು ವಿಶ್ರಾಂತಿ ಕೊಡಿ. ಗುರುವಾರದ ಹರ್ಕ್ಯುಲೇನಿಯಂ ಅವರಿಗೆ ಮೀಸಲು.

ಪಾಂಪೆಯಲ್ಲಿ ಎಲ್ಲ ಮನೆ ಹೊಕ್ಕು ಬರುವ ಹಟ ಬೇಡ. ಮೂರು ಗಂಟೆ, ನಾಲ್ಕೈದು ಜಾಗ. ಮಗಳಿಗೆ ಒಂದು ಬೇಕರಿ ತೋರಿಸಿ. ಮರಳುಗಡಿಯಾರದ ಆಕಾರದ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ, ಹಿಂದೆ ನಮ್ಮೂರ ಬೇಕರಿಗಳ ಸೌದೆ ಒಲೆಯಂಥದೇ ಕಮಾನಿನ ಒಲೆ. ಮ್ಯೂಸಿಯಂನಲ್ಲಿ ನೋಡಿದ ಬ್ರೆಡ್ಡು ಇಂಥ ಒಲೆಯದೇ ಎಂದರೆ ಅವಳಿಗೆ ತಟ್ಟನೆ ಹೊಳೆಯುತ್ತದೆ. ರಸ್ತೆ ದಾಟಲು ನಡುವೆ ನೆಟ್ಟ ಎತ್ತರದ ಕಲ್ಲುಗಳಿವೆ, ಅವುಗಳ ಸಂದಿಯಲ್ಲಿ ಗಾಡಿಚಕ್ರ ಸವೆಸಿದ ಆಳವಾದ ಗೆರೆಗಳಿವೆ. ಬೀದಿಮೂಲೆಯ ನೀರಿನ ತೊಟ್ಟಿಗಳ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ನಲ್ಲಿಯ ಪಕ್ಕದ ಕಲ್ಲಿನ ಅಂಚು ಒಂದು ಕಡೆ ತಗ್ಗಾಗಿ ನುಣುಪಾಗಿದೆ. ಬಗ್ಗಿ ನೀರು ಕುಡಿಯಲು ಬಂದವರೆಲ್ಲ ಒಂದೇ ಜಾಗದಲ್ಲಿ ಕೈಯೂರಿ ಊರಿ ಆದ ಸವೆತ ಅದು, ಹಗ್ಗ ಉಜ್ಜಿ ಬಾವಿಕಟ್ಟೆ ಸವೆಯುವಂತೆ. ಮಗಳ ಅಂಗೈಯನ್ನು ಅದರ ಮೇಲಿಟ್ಟು ನೋಡಿ, ಸರಿಯಾಗಿ ಕೂರುತ್ತದೆ. ಸತ್ತವರ ಅಚ್ಚುಗಳ ವಿಷಯವನ್ನು ಮಾತ್ರ ಅವಳಿಗೆ ಮುಂಚೆಯೇ ಹೇಳಿರಿ. ಬೂದಿಯೊಳಗೆ ದೇಹ ಕರಗಿ ಉಳಿದ ಟೊಳ್ಳಿಗೆ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಪ್ಲಾಸ್ಟರ್ ಸುರಿದು ತೆಗೆದ ರೂಪಗಳು ಅವು. ಮುಖ ಮುಚ್ಚಿಕೊಂಡು ಕುಗ್ಗಿ ಕುಳಿತವರನ್ನು ಎದುರು ಕಂಡು ಹೆದರಿದ ಮಕ್ಕಳಿದ್ದಾರೆ.

ಜ್ವಾಲಾಮುಖಿ ಸಿಡಿದದ್ದು ಕ್ರಿ.ಶ. 79ರ ಆಗಸ್ಟ್ 24ರಂದು ಎಂದು ಹಳೆಯ ಪುಸ್ತಕಗಳಲ್ಲಿರುತ್ತದೆ. 2018ರಲ್ಲಿ ಒಂದು ಗೋಡೆಯ ಮೇಲೆ ಅಕ್ಟೋಬರ್ ತಿಂಗಳ ತೇದಿ ಇರುವ ಇದ್ದಿಲಿನ ಬರಹ ಸಿಕ್ಕ ಮೇಲೆ ಅಕ್ಟೋಬರ್ ಪಕ್ಷಕ್ಕೆ ಬಲ ಬಂದಿದೆ. ಆ ಲೆಕ್ಕದಲ್ಲಿ ನೀವು ಹೋಗುವುದು ಅದೇ ಹವೆಯಲ್ಲಿ. ಅಂದು ಜನರನ್ನು ಪಾರುಮಾಡಲು ನೌಕಾಪಡೆಯ ಹಡಗುಗಳೊಂದಿಗೆ ಹೋಗಿ ದಡದಲ್ಲೇ ಸತ್ತವನು ರೋಮನ್ ಲೇಖಕ ಹಿರಿಯ ಪ್ಲಿನಿ. ನಮ್ಮ ಕರಾವಳಿಯ ಕಾಳುಮೆಣಸಿನ ಬಗ್ಗೆ ಗೊಣಗಿದ್ದನಲ್ಲ, ಖಾರವೊಂದು ಬಿಟ್ಟರೆ ಏನೂ ಇಲ್ಲದ ಇದಕ್ಕಾಗಿ ಭಾರತದವರೆಗೆ ಹೋಗಬೇಕೇ ಎಂದು, ಅವನೇ. ಆ ವ್ಯಾಪಾರದ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಅಪ್ಪನಿಗೆ ಇತಿಹಾಸದ ಗೀಳಿದ್ದರೆ ವಿಮಾನದಲ್ಲಿ ಹೇಳಲು ಈ ಕಥೆ ಇಟ್ಟುಕೊಳ್ಳಿ.

ಹರ್ಕ್ಯುಲೇನಿಯಂ ಪಾಂಪೆಗಿಂತ ಬಹಳ ಚಿಕ್ಕದು, ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮತ್ತು ನನ್ನ ಲೆಕ್ಕದಲ್ಲಿ ಹೆಚ್ಚು ಚೆಂದ. ಅದೇ ರೈಲಿನಲ್ಲಿ ಇಪ್ಪತ್ತು ನಿಮಿಷ. ಇದನ್ನು ಮುಚ್ಚಿದ್ದು ಸುಮಾರು ಇಪ್ಪತ್ತು ಮೀಟರ್ ದಪ್ಪದ ಬಿಸಿ ಬೂದಿಕೆಸರು. ಅದರ ಕಾವಿಗೆ ಮರ ಉರಿಯದೆ ಇದ್ದಿಲಾಗಿ ಉಳಿಯಿತು. ಬಾಗಿಲು, ತೊಲೆ, ಮಂಚ, ಮಡಚುವ ಮರದ ತಡಿಕೆ ಎಲ್ಲವೂ ಇವೆ. ಹಳೆಯ ಊರು ಗುಂಡಿಯೊಳಗೆ, ಅದರ ಅಂಚಿನ ಮೇಲೆ ಈಗಿನ ಊರಿನ ಮಹಡಿಮನೆಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ನಿಲ್ದಾಣದಿಂದ ಹತ್ತು ನಿಮಿಷ ಇಳಿಜಾರು. ಮರಳುವಾಗ ಅದೇ ಏರು, ಅಮ್ಮನಿಗೆ ಟ್ಯಾಕ್ಸಿ ಹಿಡಿಯಿರಿ. ಪುರಾತನ ಕಡಲದಂಡೆಯ ದೋಣಿಮನೆಗಳಲ್ಲಿ ಮುನ್ನೂರರಷ್ಟು ಅಸ್ಥಿಪಂಜರಗಳು ಸಿಕ್ಕಿವೆ, ಈಗ ಅಲ್ಲಿ ಕಾಣುವುದು ಅವುಗಳ ಪ್ರತಿಕೃತಿಗಳು. ಮಗಳಿಗೆ ಬೇಡವೆನಿಸಿದರೆ ಆ ಕಡೆ ಇಳಿಯಬೇಡಿ. ಅಪ್ಪ, ಅಮ್ಮ ಊಟ ಮಾಡಿ ವಿಶ್ರಮಿಸುವ ಹೊತ್ತಿನಲ್ಲಿ ನೀವು ಮೂವರು ಅಲ್ಲಿಂದಲೇ ವೆಸೂವಿಯಸ್‌ಗೆ ಹೋಗಬಹುದು. 1,281 ಮೀಟರ್ ಎತ್ತರ; ವಾಹನ ಸಾವಿರ ಮೀಟರ್‌ವರೆಗೆ ಹೋಗುತ್ತದೆ, ಉಳಿದದ್ದು ಜಾರುವ ಕರಿಮರಳಿನ ದಾರಿಯಲ್ಲಿ ಅರ್ಧ ಗಂಟೆಯ ಏರು. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಿರಿ. ಕೊನೆಯ ಸಲ ಅದು ಸಿಡಿದದ್ದು 1944ರಲ್ಲಿ.

ಬುಧವಾರದ ಅಡ್ಡಾಟಕ್ಕೆ ಕಟ್ಟುನಿಟ್ಟಿನ ಯೋಜನೆ ಬೇಡ. ಸಾಂತಾ ಕ್ಯಾರಾ ಮಠದ ಅಂಗಳದಲ್ಲಿ ಬಣ್ಣದ ಹೆಂಚು ಹೊದಿಸಿದ ಕಂಬ, ಬೆಂಚುಗಳಿವೆ. ಹತ್ತಿರದಲ್ಲೇ ಕ್ರಿಸ್ಮಸ್ ಗೊಂಬೆ ಮಾಡುವವರ ಓಣಿ ಸಾನ್ ಗ್ರೆಗೊರಿಯೊ ಅರ್ಮೆನೊ. ಕುರಿ, ಗೊಲ್ಲರ ನಡುವೆ ಪಿಜ್ಜಾ ಬಡಿಯುವವನ ಗೊಂಬೆಯೂ ಮರಡೋನಾ ಗೊಂಬೆಯೂ ಕೂತಿರುತ್ತವೆ. ನಿಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವ ರೂಢಿಯಿದ್ದರೆ ಅಮ್ಮ ಅಲ್ಲಿಂದ ಬೇಗ ಹೊರಡುವುದಿಲ್ಲ. ನೆಲದಡಿಯ ನೇಪಲ್ಸ್, ಗ್ರೀಕರು ಕಲ್ಲು ತೆಗೆದು ರೋಮನ್ನರು ನೀರು ಹರಿಸಿದ ಸುರಂಗಗಳು, ನೋಡತಕ್ಕದ್ದೇ. ಆದರೆ ನೂರಕ್ಕೂ ಹೆಚ್ಚು ಮೆಟ್ಟಿಲು, ಒಂದೆಡೆ ಅಡ್ಡಡ್ಡ ನುಸುಳಬೇಕಾದ ಸಂದಿ. ಅಜ್ಜ, ಮೊಮ್ಮಗಳು ಹೋಗಲಿ. ಸಂಜೆ ಟೋಲೆಡೊ ಬೀದಿಯ ಪಕ್ಕದಿಂದ ಹಗ್ಗದ ರೈಲು ಹತ್ತಿ ವೊಮೆರೊ ಗುಡ್ಡಕ್ಕೆ ಹೋಗಿ ಸಾಂತೆಲ್ಮೊ ಕೋಟೆಯ ಮೇಲೆ ನಿಂತರೆ ಊರು, ಕೊಲ್ಲಿ, ಬೆಟ್ಟ ಎಲ್ಲ ಒಂದೇ ನೋಟಕ್ಕೆ. ಸ್ಕೂಟರುಗಳ ನಡುವೆ ರಸ್ತೆ ದಾಟುವುದನ್ನು ಯುರೋಪಿನ ಪ್ರವಾಸಿಗರಿಗೆ ಪಾಠ ಮಾಡಬೇಕಾಗುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ ಕಂಡವರಿಗೆ ಬೇಕಿಲ್ಲ.

ಊಟದ ಚಿಂತೆ ಅರ್ಧ ಬಿಡಿ. ಪಿಜ್ಜಾದ ತವರು ಇದು. ಹಿಟ್ಟಿಗೆ ಮೈದಾ, ನೀರು, ಉಪ್ಪು, ಯೀಸ್ಟ್ ಅಷ್ಟೇ, ಮೊಟ್ಟೆಯಿಲ್ಲ. ಮರಿನಾರಾ ಎಂಬುದಕ್ಕೆ ನಾವಿಕರ ಹೆಸರಿದ್ದರೂ ಅದರಲ್ಲಿ ಮೀನಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ. ಚೀಸ್ ಕೂಡ ಇಲ್ಲ, ಆದ್ದರಿಂದ ಚೀಸ್ ಹೆಪ್ಪಿಗೆ ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಗ್ಗೆ ಮಡಿ ಮಾಡುವವರಿಗೆ ಇದೇ ಲೇಸು. ಒಣ ಪಾಸ್ತಾ ಗೋಧಿರವೆ ಮತ್ತು ನೀರಿನದು. ಪಕ್ಕದ ಗ್ರಾನ್ಯಾನೊ ಊರು ಅದಕ್ಕೇ ಹೆಸರುವಾಸಿ. "ತಾಜಾ" ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಮೋಸಹೋಗುವುದು ತಿಂಡಿಗಳಲ್ಲಿ. ಪದರಪದರವಾದ ಸ್ಫೊಲ್ಯಾತೆಲ್ಲಾ, ಬಳೆಯಾಕಾರದ ಗರಿಗರಿ ತರಾಲ್ಲಿ, ಎರಡಕ್ಕೂ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಬಳಸುತ್ತಾರೆ. ನೋಡಿದರೆ ನಮ್ಮ ಕೋಡುಬಳೆಯಂತೆಯೇ ಇರುತ್ತದೆ, ಜೋಕೆ. "ಸೆನ್ಸಾ ಸ್ತ್ರುತ್ತೊ" ಎಂದರೆ ಕೊಬ್ಬಿಲ್ಲದ್ದು. "ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ, ಸೆನ್ಸಾ ಉವೊವಾ" ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾಫಿಯನ್ನು ನಿಂತು ಕುಡಿದರೆ ಅಗ್ಗ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿನ ಗಡಸು ಎಸ್ಪ್ರೆಸೊದಲ್ಲಿ ರೊಬಸ್ಟಾ ಪಾಲು ದೊಡ್ಡದಿರುವುದರಿಂದ ನಿಮ್ಮ ಲೋಟದಲ್ಲಿ ಕೊಡಗಿನ ಬೀಜವೇ ಇದ್ದರೂ ಇರಬಹುದು.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ, ಕರಿಬೇವು ಬೇಡ. ಹೊರದೇಶದ ಹಾಲಿನ ಪದಾರ್ಥ, ಮಾಂಸ, ಹಸಿಸೊಪ್ಪುಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಷೆಂಗನ್ ವೀಸಾಗೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಬೇಗ ಹಾಕಿ. ವಯಸ್ಕರಿಗೆ 90 ಯೂರೊ, ಮಗಳಿಗೆ ಅರ್ಧ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಎರಡು ಕಡೆ ವಿಮಾನ ಬದಲಿಸಬೇಕಾದ ಟಿಕೆಟ್ಟಿಗಿಂತ ರೋಮ್‌ಗೆ ಇಳಿದು ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಕೂರುವುದು ಹಿರಿಯರಿಗೆ ಹಗುರ.

ಉಳಿಯಲು ಗರಿಬಾಲ್ಡಿ ನಿಲ್ದಾಣದ ಸುತ್ತ ಅಗ್ಗವಾಗಿ ಸಿಗುತ್ತದೆ, ಆದರೆ ರಾತ್ರಿ ಆ ಗಲಾಟೆ ಅಪ್ಪ, ಅಮ್ಮನಿಗೆ ಬೇಡ. ಮೆಟ್ರೊ ಒಂದನೇ ಮಾರ್ಗದ ಟೋಲೆಡೊ, ದಾಂತೆ ಅಥವಾ ಮ್ಯುನಿಚಿಪಿಯೊ ನಿಲ್ದಾಣಗಳ ಹತ್ತಿರ ಅಡುಗೆಮನೆ ಇರುವ ಮನೆ ನೋಡಿ. ಮ್ಯೂಸಿಯಂ ಬಾಗಿಲಿಗೂ ಗರಿಬಾಲ್ಡಿಗೂ ಅದೇ ಮಾರ್ಗ. ತಲೆಗೆ, ರಾತ್ರಿಗೆ ಇಷ್ಟು ಎಂದು ನಗರದ ತೆರಿಗೆ ಬೇರೆ ಕಟ್ಟಬೇಕು. ಬಾಡಿಗೆ ಕಾರು ಬೇಡವೇ ಬೇಡ. ಕಾದಿರಿಸುವ ಮೊದಲು ಮಾಲೀಕರನ್ನು ಒಂದೇ ಪ್ರಶ್ನೆ ಕೇಳಿ: ಎಷ್ಟನೇ ಮಹಡಿ, ಲಿಫ್ಟ್ ಇದೆಯೇ? ಇಲ್ಲಿನ ಹಳೆಯ ಮಹಲುಗಳ ಮಹಡಿಗಳು ಎತ್ತರ. ಮೂರನೇ ಮಹಡಿ ಎಂದರೆ ನಮ್ಮ ಐದನೆಯದು. ಲಿಫ್ಟ್ ಇದೆ ಎಂದು ಅವರು ಹೇಳಿದರೂ ಇನ್ನೊಂದು ವಿಷಯ ಹೇಳದೆ ಬಿಡುತ್ತಾರೆ. ಹಲವು ಕಟ್ಟಡಗಳಲ್ಲಿ ಲಿಫ್ಟಿನೊಳಗೆ ಪುಟ್ಟ ಡಬ್ಬಿಯಿರುತ್ತದೆ, ಅದಕ್ಕೆ ನಾಣ್ಯ ಹಾಕಿದರಷ್ಟೇ ಮೇಲೇರುತ್ತದೆ. ದಿನದ ಕೊನೆಗೆ ದಣಿದು ಬಂದು ಅದರ ಮುಂದೆ ನೋಟು ಹಿಡಿದು ನಿಂತವರನ್ನು ನೋಡಿದ್ದೇನೆ. ಮೊದಲ ಕಾಫಿಯ ಚಿಲ್ಲರೆಯಲ್ಲಿ ಹತ್ತು, ಇಪ್ಪತ್ತು ಸೆಂಟಿನ ನಾಣ್ಯಗಳನ್ನೆಲ್ಲ ಬೇರೆ ತೆಗೆದು ಅಮ್ಮನ ಪರ್ಸಿಗೆ ಹಾಕಿಡಿ.